ವಿದೇಶದಲ್ಲಿ ಬೆಳೆಯುವ ಮಗುವಿಗೆ ‘ತ’–‘ಟ’ ಭೇದ ಉಳಿಯುವುದೇ?

ಪ್ರಶ್ನೆ: ಕೆನಡಾದಲ್ಲಿರುವ ನಮ್ಮ ಮಗಳಿಗೆ ಈಗ ಏಳು ತಿಂಗಳು, ದಿನವಿಡೀ ಕಿವಿಗೆ ಬೀಳುವುದು ಇಂಗ್ಲಿಷ್. ಟಿವಿಯಲ್ಲಿ ಕನ್ನಡ ಹಾಡು ಹಾಕಿದರೆ ಸಾಕೇ?

ಉತ್ತರ 1: ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರ 1984ರ ಅಧ್ಯಯನದಲ್ಲಿ, ಇಂಗ್ಲಿಷ್ ಮನೆಗಳ ಶಿಶುಗಳು 6–8 ತಿಂಗಳಲ್ಲಿ ಹಿಂದಿಯ ದಂತ್ಯ (‘ತ’ದಂಥ), ಮೂರ್ಧನ್ಯ (‘ಟ’ದಂಥ) ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದರೂ, 10–12 ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ಕನ್ನಡದಲ್ಲಿ ಮಾತನಾಡಿಸಲು ದಯವಿಟ್ಟು ತಡಮಾಡಬೇಡಿ.

ಉತ್ತರ 2: ಟಿವಿ ಖಂಡಿತ ಸಾಲದು. ಪೆಟ್ರೀಷಿಯಾ ಕೂಲ್ ಅವರ ತಂಡದ 2003ರ ಪ್ರಯೋಗದಲ್ಲಿ, ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಅಮೆರಿಕದ 9 ತಿಂಗಳ ಶಿಶುಗಳು ಮ್ಯಾಂಡರಿನ್ (ಚೀನೀ) ಭಾಷೆಯ ಧ್ವನಿಭೇದವನ್ನು ಕಲಿತವು. ಪರದೆಯಲ್ಲಿ ನೋಡಿದವು ಕಲಿಯಲಿಲ್ಲ. ಎಣ್ಣೆ ಹಚ್ಚುವಾಗ, ತುತ್ತು ಕೊಡುವಾಗ ಅವಳು ನೋಡುತ್ತಿರುವ ವಸ್ತುವನ್ನೇ ಹೆಸರಿಸಿ. ಅವಳು ತೊದಲಿದರೆ ಪೂರ್ತಿ ಕೇಳಿಸಿಕೊಂಡು ಮರುನುಡಿಯಿರಿ.

ಉತ್ತರ 3: ಕುಗ್ಗುವುದೆಂದರೆ ಶಾಶ್ವತವಾಗಿ ಅಳಿಯುವುದಲ್ಲ, ದೊಡ್ಡವರೂ ಅಭ್ಯಾಸದಿಂದ ಈ ಭೇದವನ್ನು ಕಲಿಯಬಲ್ಲರು, ಆದರೆ ಶ್ರಮ ಹೆಚ್ಚು.