ಓದುಗರ ಸ್ಪಂದನ: ಕದ್ದು ಓದುವವರೂ ಅಭಿಮಾನಿಗಳೇ?

ಕಳೆದ ವಾರದ ಸಮಸ್ಯೆ: ‘ನನ್ನ ಮೊದಲ ಕಾದಂಬರಿಯ ಪಿಡಿಎಫ್ ಮೊಬೈಲ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಪುಕ್ಕಟೆ ಪ್ರಚಾರ ಸಿಕ್ಕಿತಲ್ಲ, ಖುಷಿಪಡು ಅನ್ನುತ್ತಾರೆ ಗೆಳೆಯರು. ಮಾರಾಟವೇನೋ ಏರಿಲ್ಲ. ಸುಮ್ಮನಿರಲೇ, ದೂರು ಕೊಡಲೇ?’

* * *

ಪ್ರಚಾರ ಎಂದ ಗೆಳೆಯರಲ್ಲಿ ಎಷ್ಟು ಮಂದಿ ದುಡ್ಡು ಕೊಟ್ಟು ಪುಸ್ತಕ ಕೊಂಡರು, ಮೊದಲು ಅದನ್ನು ಕೇಳಿ.

ಅಮೆರಿಕದ ಕಾದಂಬರಿಗಾರ್ತಿ ಮ್ಯಾಗಿ ಸ್ಟೀಫ್‌ವಾಟರ್ 2017ರಲ್ಲಿ ತಮ್ಮ ಅನುಭವ ಬರೆದಿದ್ದರು. ಅವರ ಸರಣಿಯ ಮೂರನೇ ಪುಸ್ತಕದ ಇ-ಪ್ರತಿಗಳ ಮಾರಾಟ ಕುಸಿಯಿತು. ಓದುವವರು ಇದ್ದೇ ಇದ್ದರು, ಕೊಳ್ಳುವವರು ಇರಲಿಲ್ಲ. ಪ್ರಕಾಶಕರಿಗೆ ಕಾಣುವುದು ಮಾರಾಟದ ಲೆಕ್ಕವೊಂದೇ. ನಾಲ್ಕನೆಯದರ ಮೊದಲ ಮುದ್ರಣವನ್ನು ಅವರು ಅರ್ಧಕ್ಕಿಂತ ಕೆಳಗೆ ಇಳಿಸಿಬಿಟ್ಟರು. ಆಗ ಲೇಖಕಿ ತಮ್ಮ ಸಹೋದರನ ಜೊತೆ ಸೇರಿ ಒಂದು ಉಪಾಯ ಹೂಡಿದರು. ಮೊದಲ ನಾಲ್ಕು ಅಧ್ಯಾಯಗಳೇ ಮತ್ತೆ ಮತ್ತೆ ಬರುವ ಪಿಡಿಎಫ್ ತಯಾರಿಸಿ ಕಳ್ಳಪ್ರತಿ ಸಿಗುವ ಕಡೆಗಳಲ್ಲೆಲ್ಲ ಹರಿಯಬಿಟ್ಟರು. ಅಸಲಿ ಕಡತ ಸಿಗದೆ ಬೇಸತ್ತವರು ಪುಸ್ತಕ ಕೊಂಡರು. ಮುದ್ರಣ ಎರಡೇ ದಿನದಲ್ಲಿ ಖಾಲಿ!

ಕಳ್ಳಪ್ರತಿಯಿಂದ ಹೋಗುವುದು ಇವತ್ತಿನ ರಾಯಲ್ಟಿ ಮಾತ್ರ ಅಲ್ಲ. ‘ಈಕೆಯ ಪುಸ್ತಕ ಓಡುವುದಿಲ್ಲ’ ಎಂಬ ಹಣೆಪಟ್ಟಿ ಹತ್ತಿದರೆ ಎರಡನೇ ಕಾದಂಬರಿಗೆ ಪ್ರಕಾಶಕರೇ ಸಿಗಲಿಕ್ಕಿಲ್ಲ. ಸುಮ್ಮನಿರಬೇಡಿ.
— ಒಬ್ಬ ಸಂಪಾದಕಿ

* * *

ಅಷ್ಟು ಗಾಬರಿ ಬೇಡ. ಬ್ರೆಜಿಲ್‌ನ ಕಾದಂಬರಿಕಾರ ಪೌಲೋ ಕೊಯೆಲೊ ತಮ್ಮ ಪುಸ್ತಕಗಳ ಕಳ್ಳಪ್ರತಿಗಳ ಕೊಂಡಿಗಳನ್ನು ತಾವೇ ಹಂಚಿದವರು. ರಷ್ಯಾದಲ್ಲಿ ಅದರಿಂದಲೇ ಮಾರಾಟ ಏರಿತು ಎಂದೂ ಹೇಳಿಕೊಂಡವರು. (ಅವರಿಗೆ ಆಗಲೇ ಜಗತ್ತಿನಾದ್ಯಂತ ಹೆಸರಿತ್ತು, ಒಪ್ಪಿದೆ.) ಐರೋಪ್ಯ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ ಮಾಡಿಸಿ, 2017ರಲ್ಲಿ ಬೆಳಕಿಗೆ ಬಂದ ಅಧ್ಯಯನವೂ ಇದೆ. ಪೈರಸಿಯಿಂದ ಮಾರಾಟ ತಗ್ಗುತ್ತದೆ ಎನ್ನಲು ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಹೊಸ ಜನಪ್ರಿಯ ಸಿನಿಮಾಗಳಲ್ಲಿ ಮಾತ್ರ: ಕದ್ದು ನೋಡಿದ ಪ್ರತಿ ಹತ್ತಕ್ಕೆ ನ್ಯಾಯವಾಗಿ ನೋಡುವುದು ನಾಲ್ಕು ಕಡಿಮೆ. ಪುರಾವೆ ಇಲ್ಲ ಎಂದಮಾತ್ರಕ್ಕೆ ನಷ್ಟವೇ ಇಲ್ಲ ಎಂದಲ್ಲ. ಆದರೆ ಪಿಡಿಎಫ್ ಇಳಿಸಿಕೊಂಡವರೆಲ್ಲ ಅದಿಲ್ಲದಿದ್ದರೆ ಕೊಳ್ಳುತ್ತಿದ್ದರು ಎಂಬ ಲೆಕ್ಕವೂ ಸುಳ್ಳೇ.

ನಿಮ್ಮ ಪುಸ್ತಕ ಕೊಳ್ಳಲು ಎಷ್ಟು ಕಷ್ಟಪಡಬೇಕು ಎಂದು ಒಮ್ಮೆ ನೋಡಿ. ಖಾತೆ ತೆರೆ, ಆ್ಯಪ್ ಇಳಿಸಿಕೋ, ಓಟಿಪಿ ಹಾಕು... ಗುಂಪಿನಲ್ಲಿ ಒಂದೇ ಒತ್ತಿಗೆ ಸಿಗುತ್ತಿದೆ. ಎರಡು ಅಧ್ಯಾಯಗಳನ್ನು ನೀವೇ ಉಚಿತವಾಗಿ ಕೊಟ್ಟು, ಕೊನೆಯಲ್ಲಿ ಕೊಳ್ಳುವ ಕೊಂಡಿ ಇಡಿ.
— ಹಾಡು ಬರೆದು ಹಾಡುವವನು

* * *

ವಾದ ಪಕ್ಕಕ್ಕಿರಲಿ. ದೂರು ಕೊಡುವುದು ಸುಲಭ. ಕೃತಿಸ್ವಾಮ್ಯದ ದೂರಿಗೆ ಹೆಚ್ಚಿನ ಆ್ಯಪ್‌ಗಳಲ್ಲಿ ಜಾಗ ಇರುತ್ತದೆ: ಕೃತಿಯ ಹೆಸರು, ಕಡತದ ಕೊಂಡಿ, ಹಕ್ಕು ನಿಮ್ಮದೆಂಬ ಹೇಳಿಕೆ, ಅಷ್ಟೇ. ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದರೆ ದೂರು ಅವರಿಂದಲೇ ಹೋಗಲಿ. ಒಪ್ಪಂದ ತೆಗೆದು ನೋಡಿ. ಅಡ್ಮಿನ್ ಜೊತೆ ಜಗಳಕ್ಕಿಳಿಯಬೇಡಿ, ಕಡತ ಇನ್ನೂ ನಾಲ್ಕು ಗುಂಪಿಗೆ ಹೋಗುತ್ತದೆ.

ತೆಗೆಸಿದ್ದು ಮತ್ತೆ ಬರುತ್ತದೆ, ನಿಜ. ಆದರೂ ಸಮಯ ಮುಖ್ಯ. ಬಿಡುಗಡೆಗೆ ಮೊದಲೇ ಸೋರಿದ ಸಿನಿಮಾಗಳ ಗಳಿಕೆ, ಆಮೇಲೆ ಸೋರಿದವಕ್ಕಿಂತ ಸುಮಾರು 19% ಕಡಿಮೆ ಎಂದು 2014ರ ಸಂಶೋಧನೆಯೊಂದು ಲೆಕ್ಕ ಹಾಕಿತ್ತು. ಮುಂದಿನ ಪುಸ್ತಕಕ್ಕೆ ಮೊದಲ ಕೆಲವು ವಾರ ಕಣ್ಣಿಟ್ಟಿರಿ. ಆಮೇಲೆ ಗುಂಪುಗಳನ್ನು ಜಾಲಾಡುತ್ತ ಕೂರಬೇಡಿ, ಬರೆಯಲು ಕೂರಿ.
— ಹೆಸರು ಬೇಡ