ಎಡಿಟರ್‌ನಲ್ಲಿ ಫೋಲ್ಡರ್ ತೆರೆದರೆ ಒಂದೊಂದು ಸಲ ಒಂದೊಂದು ಥರ! ಅನುಭವ ಇದ್ದವರು ಹೇಳಿ

ಶಿವಮೊಗ್ಗದಿಂದ ಪ್ರಶ್ನೆ: ಉಬುಂಟು ಲಿನಕ್ಸ್‌ನಲ್ಲಿ ವಿಮ್ ಎಡಿಟರ್ ತೆರೆಯಲು ‘ವಿಮ್ .’ (ಚುಕ್ಕಿ ಅಂದರೆ ಈಗಿರುವ ಫೋಲ್ಡರ್) ಕೊಟ್ಟರೆ ಫೋಲ್ಡರ್ ಪಟ್ಟಿ ಬರುತ್ತೆ. ಆಫೀಸಿನ ಇನ್ನೊಂದು ಮಷೀನಲ್ಲಿ ‘ವಿಐ .’ (ಅದೇ ಬಳಗದ ಎಡಿಟರ್) ಕೊಟ್ಟರೆ ‘ಇದು ಡೈರೆಕ್ಟರಿ’, ಅಂದರೆ ಫೋಲ್ಡರ್, ಅಂತ ಖಾಲಿ ಪರದೆ. ವಿಮ್ ಒಳಗಿಂದ ‘:ಇ .’ ಒಂದು ಜಾಗ ತೋರಿಸಿದರೆ ‘:ಎಕ್ಸ್‌ಪ್ಲೋರ್’ ಇನ್ನೊಂದು ತೋರಿಸುತ್ತೆ. ವಿಎಸ್ ಕೋಡ್ ಅನ್ನೋ ಇನ್ನೊಂದು ಎಡಿಟರ್‌ಗೆ ಹೋಗೋದು ಒಳ್ಳೇದಾ?

ತೀರ್ಥಹಳ್ಳಿ: ವಿಮ್ ಬಿಡೋ ಮಾತೇ ಬೇಡ ಮಾರಾಯ್ರೆ. ‘:ಇ .’ ತೆರೆಯೋದು ‘:ಪಿಡಬ್ಲ್ಯೂಡಿ’ ಕಮಾಂಡ್ ಹೇಳುವ, ವಿಮ್ ಈಗ ಕೆಲಸ ಮಾಡ್ತಿರೋ ಫೋಲ್ಡರ್. ಎಕ್ಸ್‌ಪ್ಲೋರ್ ತೆರೆಯೋದು ಈಗ ಕೈಲಿರುವ ಫೈಲಿನ ಫೋಲ್ಡರ್. ಎರಡೂ ಒಂದೇ ಆಗಬೇಕು ಅಂತ ಯಾರೂ ಹೇಳಿಲ್ಲ. ಫೈಲ್ ಸೇವ್ ಆಗಿರದಿದ್ದರೆ ‘:ಇ .’ ಇ37 ಅನ್ನೋ ದೋಷ ಸಂದೇಶ ಕೊಟ್ಟು ನಿರಾಕರಿಸುತ್ತೆ, ಎಕ್ಸ್‌ಪ್ಲೋರ್ ಕಿಟಕಿ ಎರಡು ಮಾಡಿ ತೆರೆಯುತ್ತೆ. ಸೇವ್ ಆಗದ ಫೈಲನ್ನ ಹಿನ್ನೆಲೆಯಲ್ಲಿ ಇಟ್ಟುಕೊಳ್ಳುವ ‘ಸೆಟ್ ಹಿಡನ್’ ಹಾಕಿದರೆ ಎರಡೂ ತೆಪ್ಪಗೆ ಅದೇ ಕಿಟಕಿಯಲ್ಲಿ ತೆರೆಯುತ್ತವೆ. ವಿಮ್‌ನಿಂದಲೇ ಕವಲೊಡೆದ ನಿಯೋವಿಮ್‌ನಲ್ಲಿ 0.6ರಿಂದ ಇದು ಮೊದಲೇ ಆನ್ ಇರುತ್ತೆ, ಅದಕ್ಕೇ ಒಂದರಲ್ಲಿ ವಿಮ್, ಇನ್ನೊಂದರಲ್ಲಿ ನಿಯೋವಿಮ್ ಇದ್ದರೆ ಎರಡು ಮಷೀನಲ್ಲಿ ಎರಡು ನಡತೆ.

ಸಾಗರ: ಮೂಲ ಬಿಟ್ಟು ಕೊಂಬೆ ಹಿಡಿದಿದ್ದೀರಿ. ಖಾಲಿ ಪರದೆ ಬಂದಿದ್ದು ಅಲ್ಲಿರೋದು ವಿಮ್-ಟೈನಿ ಅನ್ನೋ ಪುಟಾಣಿ ವಿಮ್ ಆದ್ದರಿಂದ. ಅದರಲ್ಲಿ ಸ್ಕ್ರಿಪ್ಟ್ ಓಡಿಸುವ ಭಾಗವೇ ಇಲ್ಲ, ಫೋಲ್ಡರ್ ಪಟ್ಟಿ ತೋರಿಸೋ ನೆಟ್‌ರೂ ಪ್ಲಗಿನ್ ಹೇಗೆ ಓಡೀತು? ‘ಸುಡೊ ಆಪ್ಟ್ ಇನ್‌ಸ್ಟಾಲ್ ವಿಮ್’ ಕೊಟ್ಟರೆ ಮುಗೀತು.

ಇನ್ನು ಜೀವ ತಿನ್ನೋದು ನರ್ಡ್‌ಟ್ರೀ, ಫೋಲ್ಡರ್ ಪಟ್ಟಿ ತೋರಿಸೋ ಇನ್ನೊಂದು ಪ್ಲಗಿನ್. ಪ್ಲಗಿನ್ ಹಾಕಿಕೊಡುವ ವಿಮ್-ಪ್ಲಗ್‌ನಲ್ಲಿ ಅದಕ್ಕೆ ‘ಆನ್’ ಷರತ್ತು ಹಾಕಿ, ಕಮಾಂಡ್ ಕೊಟ್ಟಾಗ ಮಾತ್ರ ಲೋಡ್ ಆಗುವಂತೆ ಇಟ್ಟಿದ್ದರೆ, ‘ವಿಮ್ .’ ಅಥವಾ ‘:ಇ .’ ಕೊಟ್ಟಾಗ ನೆಟ್‌ರೂ ಬರುತ್ತೆ. ನಡುವೆ ಒಂದು ಸಲ ನರ್ಡ್‌ಟ್ರೀ ತೆರೆದಿರೋ, ಅಲ್ಲಿಂದ ‘:ಇ .’ ಕೊಟ್ಟರೂ ನರ್ಡ್‌ಟ್ರೀಯೇ. ಒಂದೇ ಸೆಷನ್, ಒಂದೇ ಕಮಾಂಡ್, ಎರಡು ಉತ್ತರ! ‘ಆನ್’ ಷರತ್ತು ತೆಗೀರಿ. ವಿಮ್ ಏಳೋದು ಚೂರು ನಿಧಾನ ಆಗುತ್ತೆ, ಆಗಲಿ. ಕೊನೆಗೆ ‘ಸೆಟ್ ಆಟೋಸಿಎಚ್‌ಡಿಐಆರ್’ ಹಾಕಿಬಿಡಿ, ತೆರೆದ ಫೈಲಿನ ಫೋಲ್ಡರಿಗೇ ವಿಮ್ ತಾನಾಗಿ ಹೋಗುತ್ತೆ.

ತೀರ್ಥಹಳ್ಳಿ: ಆಟೋಸಿಎಚ್‌ಡಿಐಆರ್ ಯಾರಿಗೂ ಹೇಳಬೇಡಿ! ಕೆಲವು ಪ್ಲಗಿನ್ ಕೆಡುತ್ತವೆ ಅಂತ ವಿಮ್ ಕೈಪಿಡಿಯೇ ಎಚ್ಚರಿಸುತ್ತೆ. ಫೈಲ್ ಬದಲಿಸಿದ ಹಾಗೆಲ್ಲ ಫೋಲ್ಡರ್ ಬದಲಾದರೆ ಪ್ರೋಗ್ರಾಂ ಕಟ್ಟುವ ‘:ಮೇಕ್’ಗೆ ಅದರ ಸೂಚನೆ ಇರೋ ಮೇಕ್‌ಫೈಲ್ ಎಲ್ಲಿ ಸಿಗಬೇಕು? ಬೇಕಾದ ಕಿಟಕಿಗಷ್ಟೇ ಫೋಲ್ಡರ್ ಬದಲಿಸಲು ‘:ಎಲ್‌ಸಿಡಿ %:ಪಿ:ಎಚ್’ ಸಾಕು.

ಸಾಗರ: ಮೇಕ್ ಬಳಸದವರಿಗೆ ನಿಮ್ಮ ಮೇಕ್‌ಫೈಲ್ ಯಾಕೆ? ನನ್ನ ಸೆಟಪ್ಪಲ್ಲಿ ಒಂದೂ ಕೆಟ್ಟಿಲ್ಲ.

ಹೊಸನಗರ: ಇಷ್ಟೆಲ್ಲ ಒದ್ದಾಟ ಯಾಕೆ? ವಿಎಸ್ ಕೋಡ್‌ನಲ್ಲಿ ‘ಕೋಡ್ .’ ಹೊಸ ಕಿಟಕಿ, ‘-ಆರ್’ ಇರೋ ಕಿಟಕಿ, ‘-ಎ’ ಅದೇ ಕಿಟಕಿಗೆ ಇನ್ನೊಂದು ಫೋಲ್ಡರ್. ಆ ಫೋಲ್ಡರ್ ಆಗಲೇ ತೆರೆದಿದ್ದರೆ ಅದೇ ಕಿಟಕಿ ಮುಂದೆ ಬರುತ್ತೆ. ಫೈಲ್ ಮೆನುವಿನಿಂದ ತೆರೆದರೆ ಮಾತ್ರ ಇದ್ದ ಕಿಟಕಿಯಲ್ಲೇ ಬದಲಾಗುತ್ತೆ; ಬೇಡವಾದರೆ ‘ಓಪನ್ ಫೋಲ್ಡರ್ಸ್ ಇನ್ ನ್ಯೂ ವಿಂಡೋ’ ಅನ್ನೋದನ್ನ ‘ಆನ್’ ಮಾಡಿ.

ಭದ್ರಾವತಿ: ನಮ್ಮ ಇಮ್ಯಾಕ್ಸ್ ಎಡಿಟರ್‌ನಲ್ಲಿ ಫೈಲ್ ತೆರೆಯೋ ಕೀಗೇ ಫೋಲ್ಡರ್ ಹೆಸರು ಕೊಟ್ಟರೆ ಫೋಲ್ಡರ್ ಪಟ್ಟಿ ತೋರಿಸೋ ಡೈರ್ಡ್ ಬರುತ್ತೆ. ಫೋಲ್ಡರಿಗೊಂದು ಬಫರ್ (ತೆರೆದಿಟ್ಟ ಪುಟ) ಗುಡ್ಡೆ ಬೀಳೋದೊಂದೇ ಕಾಟ. 28ನೇ ಆವೃತ್ತಿಯಿಂದ ‘ಡೈರ್ಡ್-ಕಿಲ್-ವೆನ್-ಓಪನಿಂಗ್-ನ್ಯೂ-ಡೈರ್ಡ್-ಬಫರ್’ ಇದೆ, ಅದೂ ತೀರಿತು.

ತೀರ್ಥಹಳ್ಳಿ: ಹೊಸನಗರದವ್ರೆ, ದೂರದ ಮಷೀನಿಗೆ ಲಾಗಿನ್ ಆಗೋ ಎಸ್‌ಎಸ್‌ಎಚ್ ವಿಚಾರ ನುಂಗಿಬಿಟ್ರಲ್ಲ. ದೂರದ ಮಷೀನಲ್ಲಿ ಫೋಲ್ಡರ್ ತೆರೆಯಲು ಅಲ್ಲಿ ವಿಎಸ್ ಕೋಡ್ ಸರ್ವರ್ ಇಳಿಯಬೇಕು. ಇಲ್ಲಿ ಅಪ್‌ಡೇಟ್ ಆದರೆ ಅಲ್ಲೂ ಹೊಸದು ಬೇಕು. ಆಷಾಢದಲ್ಲಿ ನೆಟ್ ಒಂದು ಕಡ್ಡಿ ಸಿಗೋ ಊರಲ್ಲಿ ಅದನ್ನ ಕಾಯೋರು ಯಾರು?

ಹೊಸನಗರ: ಅದೇ ಆಷಾಢದಲ್ಲಿ ಕರೆಂಟು ಹೋದಾಗ ಸೇವ್ ಮಾಡದ ಫೈಲನ್ನ ಕೋಡ್ ತಾನಾಗಿ ವಾಪಸ್ ತರುತ್ತೆ.

ತೀರ್ಥಹಳ್ಳಿ: ವಿಮ್ ತರಲ್ವಾ? 200 ಅಕ್ಷರ ಹೊಡೆದರೆ, ಇಲ್ಲವೇ 4 ಸೆಕೆಂಡ್ ಕೈ ನಿಂತರೆ ಸ್ವಾಪ್ ಫೈಲ್ (ಸೇವ್ ಆಗದ್ದರ ತಾತ್ಕಾಲಿಕ ಪ್ರತಿ) ಬರೆಯುತ್ತೆ. ‘ವಿಮ್ -ಆರ್’ ಅಂದರೆ ರಿಕವರಿ, ಜೊತೆಗೆ ಫೈಲಿನ ಹೆಸರು ಕೊಡಿ. ನಿಮ್ಮ ಕೋಡಿನ ‘-ಆರ್’ ಅಭ್ಯಾಸದಲ್ಲಿ ಇಲ್ಲಿ ಫೋಲ್ಡರ್ ಕೊಟ್ಟು, ತೆರೀಲಿಲ್ಲ ಅಂತ ವಿಮ್‌ನ ಬಯ್ಯೋದು ತಪ್ಪು.