ಎಂಟು ತಿಂಗಳಿಂದ ಒಂದು ಪದವೂ ಹುಟ್ಟಿಲ್ಲ, ಸಂಬಳವಿಲ್ಲದ ರಜೆ ಹಾಕಲೇ?

ಶಹಾಪುರದ ಮೇಷ್ಟ್ರು:
ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ತತ್ವಪದದ ಧಾಟಿಯಲ್ಲಿ ಪದ ಕಟ್ಟಿ ನಾನೇ ಹಾಡುವವನು. ಎಂಟು ತಿಂಗಳಿಂದ ಪಲ್ಲವಿಯ ಆಚೆ ಹೋಗಿಲ್ಲ. ಮೂರು ತಿಂಗಳು ಸಂಬಳವಿಲ್ಲದ ರಜೆ ಹಾಕಿ ಹೊಳೆದಂಡೆಯ ಊರಿನಲ್ಲಿ ಕೋಣೆ ಹಿಡಿಯುವ ಯೋಚನೆ ಇದೆ. ಮನೆ ಸಾಲದ ಕಂತು ತಿಂಗಳಿಗೆ 14,000. ನಿಮಗೆ ಸ್ಫೂರ್ತಿ ಎಲ್ಲಿಂದ ಬಂತು? ಹೀಗೆ ರಜೆ ಹಾಕಿದವರು ಇದ್ದರೆ ಅನುಭವ ತಿಳಿಸಿ.

ಸಂಗಮದ ಕವಿ:
ನಾನು ಹಾಕಿದ್ದೇನೆ ಸರ್. 2019ರ ಬೇಸಿಗೆ, ಗಾಣಗಾಪುರ. ಭೀಮಾ ಅಮರ್ಜಾ ಕೂಡುವ ಜಾಗಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಕೋಣೆ. ಬಾಡಿಗೆ 3,500, ಮುಂಗಡ 10,000. ಮುಂಗಡದಲ್ಲಿ 4,000 ಮುರಿದುಕೊಂಡರು, ಗೋಡೆಗೆ ಮೊಳೆ ಹೊಡೆದೆನಂತೆ. ಹೊಡೆದದ್ದು ಎರಡೇ ಮೊಳೆ, ಒಂದು ಅಂಗಿಗೆ, ಒಂದು ಕ್ಯಾಲೆಂಡರಿಗೆ. ಬಾಡಿಗೆಯ ಕೂಲರಿಗೆ ತಿಂಗಳಿಗೆ 900. ಮೇ ತಿಂಗಳಲ್ಲಿ ಹೊಳೆ ಎಂದರೆ ಮಡುವಿನಲ್ಲಿ ನಿಂತ ಪಾಚಿ. ಮಧ್ಯಾಹ್ನ ಮಧುಕರಿಗೆ, ಅಂದರೆ ಭಿಕ್ಷೆಗೆ, ಜೋಳಿಗೆ ಹಿಡಿದು ಹೋಗುವ ಭಕ್ತರನ್ನು ನೋಡುತ್ತ ಕೂರುತ್ತಿದ್ದೆ. ಹನ್ನೊಂದು ಕವಿತೆ ಬರೆದೆ, ಒಂಬತ್ತು ಹರಿದೆ. ಉಳಿದೆರಡಕ್ಕೆ ಹಳೆಯವನ್ನು ಸೇರಿಸಿ 500 ಪ್ರತಿ ಅಚ್ಚು ಹಾಕಿಸಿದೆ, 46,000 ಆಯಿತು. 2020ರ ಫೆಬ್ರುವರಿಯಲ್ಲಿ ಕಲಬುರಗಿಯಲ್ಲೇ ಸಾಹಿತ್ಯ ಸಮ್ಮೇಳನ ಇತ್ತಲ್ಲ, ಅಲ್ಲಿ ಮಾರುವ ಲೆಕ್ಕ. ಪುಸ್ತಕ ಕೈಗೆ ಬರುವ ಹೊತ್ತಿಗೆ ಪೆಂಡಾಲು ಬಿಚ್ಚಿದ್ದರು, ಹಿಂದೆಯೇ ಲಾಕ್‌ಡೌನ್. 371 ಪ್ರತಿ ಅಟ್ಟದ ಮೇಲಿವೆ. ಗೆದ್ದಲು ಮುನ್ನುಡಿಯಿಂದ ಶುರು ಮಾಡಿದೆ.
ಆದರೂ ಆ ಎರಡು ಕವಿತೆ ಬೇರೆಲ್ಲೂ ಹುಟ್ಟುತ್ತಿರಲಿಲ್ಲ. ಪಂಪನೇ ಒಂದು ಕಾವ್ಯ ಆರು ತಿಂಗಳಿಗೆ, ಇನ್ನೊಂದು ಮೂರು ತಿಂಗಳಿಗೆ ಮುಗಿಯಿತು ಎಂದು ಹೇಳಿಕೊಂಡಿದ್ದಾನೆ. ಬಿಡುವು ಬೇಕೇ ಬೇಕು.

ಹುಮನಾಬಾದಿನ ಅಕ್ಕ:
ಪಂಪನಿಗೆ ಆಶ್ರಯ ಕೊಡಲು ರಾಜ ಅರಿಕೇಸರಿ ಇದ್ದ ಅಣ್ಣಾ. ಮೇಷ್ಟ್ರ ಕಂತು ಯಾರು ಕಟ್ಟುತ್ತಾರೆ, ನೀವೇ?
ನನಗೆ ಪದ ಹುಟ್ಟುವುದು ಬೆಳಗಿನ ನಾಲ್ಕೂವರೆಗೆ, ರೊಟ್ಟಿ ತಟ್ಟುವಾಗ. ದಿನಕ್ಕೆ 22 ರೊಟ್ಟಿ. ಹಿಟ್ಟು ದಪ್ಪ ಇರುವಾಗ ಅಂಗೈಯ ಪೆಟ್ಟು ಜೋರು, ಅಂಚು ತೆಳುವಾಗುತ್ತ ಬಂದಂತೆ ಬೆರಳಿನ ಪೆಟ್ಟು ಮೆತ್ತಗೆ. ರೊಟ್ಟಿ ತಿರುಗಿಸುವ ಗಳಿಗೆಗೆ ಒಂದು ಸಾಲು ಮುಗಿಯಬೇಕು, ಇಲ್ಲವಾದರೆ ಅಂಚು ಸೀಳುತ್ತದೆ. ಕೈ ಒರೆಸಿಕೊಂಡು ಕರೆಂಟು ಬಿಲ್ಲಿನ ಹಿಂದೆ ಬರೆಯುತ್ತೇನೆ. ಒಂದು ಬಿಲ್ಲು ಅತ್ತೆಯವರ ಕೈಯಲ್ಲಿ ಒಲೆ ಸೇರಿತು. ಆರು ವರ್ಷವಾಯಿತು, ಆ ಪದದ ಮೊದಲ ಸಾಲು ಇನ್ನೂ ನೆನಪಿಗೆ ಬಂದಿಲ್ಲ. ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯ ಮಗ್ಗದ ಮನುಷ್ಯ. ಯಾರ ಹತ್ತಿರ ರಜೆ ಕೇಳಿದ್ದ?

ಜೇವರ್ಗಿಯ ಪೇಟಿ:
ಸ್ಫೂರ್ತಿ ಎಂಬುದೇ ಪೊಳ್ಳು. ಇಡೀ ರಚನೆ ಒಂದೇ ಸಲಕ್ಕೆ ತಲೆಗೆ ಬರುತ್ತದೆ ಎಂದು ಮೊಜಾರ್ಟ್ ಬರೆದನೆನ್ನುವ ಪತ್ರವನ್ನು ಎಲ್ಲರೂ ಹೇಳುತ್ತಾರೆ. ಅದು 1815ರಲ್ಲಿ, ಅವನು ಸತ್ತ ಮೇಲೆ ಅಚ್ಚಾದ ನಕಲಿ ಪತ್ರ. ಬೀಥೋವನ್ನನ ಕರಡು ಪುಸ್ತಕಗಳನ್ನು ನೋಡಿ, ಒಂದೇ ಸ್ವರಸಾಲನ್ನು ಹೊಡೆದು ಹೊಡೆದು ತಿದ್ದಿದ್ದಾನೆ. ಕಡಕೋಳ ಮಡಿವಾಳಪ್ಪನವರ ಪದಗಳನ್ನು 19 ವರ್ಷದಿಂದ ಅಮಾವಾಸ್ಯೆ ಭಜನೆಯಲ್ಲಿ ನುಡಿಸುತ್ತಿದ್ದೇನೆ. ನನಗೆ ಹೊಸ ಧಾಟಿ ಕೊಟ್ಟದ್ದು ಇಲಿ. ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ತಿದಿ ಕಡಿದು ಒಳಗೆ ಸಂಸಾರ ಹೂಡಿತ್ತು. ಮಧ್ಯಮ, ನಿಷಾದ ಎರಡೂ ಮೂಕ. ರಿಪೇರಿಗೆ ದುಡ್ಡಿರಲಿಲ್ಲ, ಉಳಿದ ಐದರಲ್ಲೇ ನುಡಿಸಿದೆ. ಒಂದು ವರ್ಷ ನಮ್ಮೂರಿನ ಪದಗಳೆಲ್ಲ ಆ ಎರಡು ಸ್ವರವಿಲ್ಲದ ಭೂಪ ರಾಗದಲ್ಲಿ! ಕೊನೆಗೆ ಸೊಲ್ಲಾಪುರಕ್ಕೆ ಬಸ್ಸಿನಲ್ಲಿ ಒಯ್ದೆ. ಪೇಟಿಗೂ ಅರ್ಧ ಟಿಕೆಟ್ ಹರಿದರು. 2,800 ತೆಗೆದುಕೊಂಡು ಕೊಟ್ಟದ್ದು ಸೋರುವ ತಿದಿ. ಮತ್ತೆ ಹೋದೆ, ಇನ್ನೊಂದು 1,200.

ಸಂಗಮದ ಕವಿ:
ಪೊಳ್ಳು ಎನ್ನುತ್ತೀರಿ, ಮರುಸಾಲಿನಲ್ಲಿ ಇಲಿ ಕೊಟ್ಟಿತು ಎನ್ನುತ್ತೀರಿ. ಅದು ಸ್ಫೂರ್ತಿಯಲ್ಲದೆ ಏನು?

ಜೇವರ್ಗಿಯ ಪೇಟಿ:
ಅದು ಬಡತನ. ಎರಡು ಕವಿತೆಗೆ ಹೊಲದ ದುಡ್ಡು ಸುರಿದವರಿಗೆ ತಿಳಿಯುವುದಿಲ್ಲ.

ಸಂಗಮದ ಕವಿ:
ನನಗೆ ಹೊಲವೇ ಇಲ್ಲ. ಸೊಸೈಟಿಯ ಸಾಲ ಅದು, ಇನ್ನೂ ತೀರಿಲ್ಲ.

ಸೇಡಂ ರಸ್ತೆ:
ಜಗಳ ಯಾಕೆ? ಓದದೆಯೂ ಕಾವ್ಯ ಬಲ್ಲವರು ಈ ನಾಡಿನವರು ಎಂದು ನಮ್ಮ ಮಳಖೇಡದ ನೃಪತುಂಗ ಕವಿರಾಜಮಾರ್ಗದಲ್ಲಿ ಬರೆದಿಟ್ಟಿದ್ದಾನೆ, ಕ್ರಿ.ಶ. 850ರ ಸುಮಾರಿಗೆ. ಪ್ರತಿಭೆ ನೆಲದಲ್ಲೇ ಇದೆ.

ಹುಮನಾಬಾದಿನ ಅಕ್ಕ:
ಬರೆದದ್ದು ಶ್ರೀವಿಜಯ. ‘ನೃಪತುಂಗದೇವಾನುಮತ’ ಎಂದೇ ಇದೆ. ಅನುಮತ ಎಂದರೆ ರಾಜ ಒಪ್ಪಿದ್ದು, ಬರೆದದ್ದಲ್ಲ.

ಸೇಡಂ ರಸ್ತೆ:
ಬೀದರಿನವರಿಗೆ ನಮ್ಮ ರಾಜನ ಮೇಲೆ ಯಾಕಿಷ್ಟು ಹೊಟ್ಟೆಕಿಚ್ಚು?

ಹುಮನಾಬಾದಿನ ಅಕ್ಕ:
ನಾನು ಹುಟ್ಟಿದ್ದು ಚಿತ್ತಾಪುರದಲ್ಲಿ. ಬರೆದವನ ಹೆಸರು ಬಿಟ್ಟು ದಣಿಯ ಹೆಸರು ಹೇಳುವ ಚಾಳಿ ಎಲ್ಲಿದ್ದರೂ ನನಗೆ ಆಗುವುದಿಲ್ಲ. ನಮ್ಮೂರಿನ ಸಂಘವೊಂದು ನನ್ನ ಪದವನ್ನು ಅಧ್ಯಕ್ಷರ ಹೆಸರಿನಲ್ಲಿ ಹಾಡಿಸಿತ್ತು. ನನ್ನ ಪಾಲಿಗೆ ಒಂದು ಶಾಲು. ಅದೂ ವಾಪಸು ಕೇಳಿದರು, ಮುಂದಿನ ಸನ್ಮಾನಕ್ಕೆ ಬೇಕಿತ್ತಂತೆ.

ಶಹಾಪುರದ ಮೇಷ್ಟ್ರು:
ಎಲ್ಲರಿಗೂ ಶರಣು. ರಜೆಯ ಅರ್ಜಿ ಸೋಮವಾರದೊಳಗೆ ಕೊಡಬೇಕು. ಹಾಕಲೋ ಬೇಡವೋ?

ಸಂಗಮದ ಕವಿ:
ಕೋಣೆ ಹಿಡಿದರೆ ಗೋಡೆಯ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ ಸರ್, ತಾರೀಖು ಬರುವಂತೆ.

ಸೇಡಂ ರಸ್ತೆ:
ಪೇಟಿಯವರೇ, ಸೊಲ್ಲಾಪುರದಲ್ಲಿ ಎರಡನೆಯ ಸಲ ಮಾಡಿಸಿದ ತಿದಿ ಈಗ ಹೇಗಿದೆ? ನಮ್ಮ ಮಠದ್ದೂ ಇಲಿ ಕಡಿದಿದೆ.